ಎರಡು ಎತ್ತು, ಹತ್ತು ಕುದುರೆ



ನಮ್ಮ ತಾತ ಚಿಕ್ಕವಯಸ್ಸಿನಲ್ಲಿ ಕಪಿಲೆ ಹೊಡೆದವರು. ಹೋದ ವಾರ ನಾನು ಪಾಠ ಓದುತ್ತಿದ್ದಾಗ ಒಂದು ಪ್ರಶ್ನೆ ಕೇಳಿದರು. "ನಮ್ಮ ಕಾಲದಲ್ಲಿ ಒಂದು ಜೊತೆ ಎತ್ತು ತೋಟಕ್ಕೆಲ್ಲ ನೀರು ಕೊಡ್ತಿದ್ವು. ಈಗ ನಿಮ್ಮಪ್ಪ ಹತ್ತು ಕುದುರೆ ಮೋಟಾರು ಇಟ್ರೂ ಸಾಲ್ದು ಅಂತಾನೆ. ಹಂಗಾದ್ರೆ ಹತ್ತು ಕುದುರೆಗಿಂತ ಎರಡು ಎತ್ತೇ ಮೇಲಾ?" ನನಗೆ ಉತ್ತರ ಹೊಳೆಯಲಿಲ್ಲ. ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮೂರು ಮಾತು ಬೇರೆಬೇರೆ ಎಂದು ತಿಳಿಯಬೇಕು.

ಕೆಲಸ: ಬಲ ಹಾಕಿದಾಗ ವಸ್ತು ಆ ಬಲದ ದಿಕ್ಕಿನಲ್ಲಿ ಸರಿಯಬೇಕು. 15 ಕೆ.ಜಿ. ಟೊಮೇಟೊ ಬಾಕ್ಸನ್ನು ಎತ್ತಿ ಹಿಡಿದು ಅಲ್ಲಾಡದೆ ನಿಂತರೆ ಕೈ ನೋಯುತ್ತದೆ, ಆದರೆ ಬಾಕ್ಸಿನ ಮೇಲೆ ನಡೆದ ಕೆಲಸ ಸೊನ್ನೆ! ಅದನ್ನೇ 1 ಮೀಟರು ಎತ್ತಿ ಲಾರಿಗೆ ಇಟ್ಟರೆ 15 × 10 × 1 = 150 ಜೂಲ್ ಕೆಲಸ. (ಗುರುತ್ವ ವೇಗೋತ್ಕರ್ಷ 9.8. ಲೆಕ್ಕ ಸುಲಭವಾಗಲಿ ಎಂದು 10 ಹಿಡಿದಿದ್ದೇನೆ.)

ಶಕ್ತಿ: ಕೆಲಸ ಮಾಡುವ ಯೋಗ್ಯತೆ. ಎತ್ತಿಗೆ ಇದು ಹುಲ್ಲು ಹಿಂಡಿಯಿಂದ ಬರುತ್ತದೆ, ಮೋಟಾರಿಗೆ ಕರೆಂಟಿನಿಂದ.

ಸಾಮರ್ಥ್ಯ: ಒಂದು ಸೆಕೆಂಡಿಗೆ ಎಷ್ಟು ಕೆಲಸ ಎಂಬುದು. ಎಚ್.ಪಿ.ಯನ್ನು ನಾವು ಅಶ್ವಶಕ್ತಿ ಎನ್ನುತ್ತೇವೆ. ನಿಜವಾಗಿ ಅದು ಸಾಮರ್ಥ್ಯದ ಅಳತೆ. 1 ಎಚ್.ಪಿ. ಎಂದರೆ 746 ವ್ಯಾಟ್, ಅಂದರೆ ಸೆಕೆಂಡಿಗೆ 746 ಜೂಲ್.

ಈಗ ತಾತನ ಲೆಕ್ಕ. ಕಪಿಲೆ ಬಾವಿ 10 ಮೀಟರು ಆಳ ಎನ್ನೋಣ. 1 ಲೀಟರು ನೀರು 1 ಕೆ.ಜಿ. ಅದನ್ನು ಮೇಲೆತ್ತಲು 1 × 10 × 10 = 100 ಜೂಲ್ ಬೇಕು. ಒಂದು ಜೊತೆ ಎತ್ತಿನ ಸಾಮರ್ಥ್ಯ ಹೆಚ್ಚುಕಡಿಮೆ 1 ಎಚ್.ಪಿ. 746 ÷ 100 = ಸೆಕೆಂಡಿಗೆ ಸುಮಾರು 7.5 ಲೀಟರು.

ಇನ್ನು ಅಪ್ಪನ ಲೆಕ್ಕ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಗೆ ಹೋದರೂ ಸಾವಿರ ಅಡಿ ಬೋರಿನ ಮಾತೇ. ನೀರು ಅಷ್ಟು ಕೆಳಗಿಂದ, ಅಂದರೆ 300 ಮೀಟರಿನಿಂದ ಬರುತ್ತದೆ ಎಂದಿಟ್ಟುಕೊಳ್ಳಿ. 1 ಲೀಟರಿಗೆ 3000 ಜೂಲ್! 10 ಎಚ್.ಪಿ. ಎಂದರೆ 7460 ವ್ಯಾಟ್. 7460 ÷ 3000 = ಸೆಕೆಂಡಿಗೆ ಸುಮಾರು 2.5 ಲೀಟರು ಮಾತ್ರ.

ಎತ್ತು ಹಿಂದಕ್ಕೆ ನಡೆಯುವ ಹೊತ್ತು, ಪಂಪು ಪೈಪುಗಳಲ್ಲಿ ಆಗುವ ನಷ್ಟ ಇದರಲ್ಲಿ ಸೇರಿಲ್ಲ. ಆದರೂ ವಿಷಯ ಸ್ಪಷ್ಟ. ಸಾಮರ್ಥ್ಯ ಹತ್ತು ಪಟ್ಟು ಆಯಿತು, ಆಳ ಮೂವತ್ತು ಪಟ್ಟು ಆಯಿತು. ಅದಕ್ಕೇ ನೀರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಕುದುರೆ ಸೋತಿಲ್ಲ, ನೀರು ಕೆಳಗೆ ಹೋಗಿದೆ ಅಷ್ಟೇ.

ದೊಡ್ಡ ಮೋಟಾರು ಇಟ್ಟರೆ ಕೆಲಸ ಕಡಿಮೆ ಆಗುತ್ತದೆಯೇ? ಇಲ್ಲ, ಬೇಗ ಮುಗಿಯುತ್ತದೆ ಅಷ್ಟೆ. 300 ಮೀಟರಿನಿಂದ 1200 ಲೀಟರು ಎತ್ತಲು 36 ಲಕ್ಷ ಜೂಲ್, ಅಂದರೆ ಸರಿಯಾಗಿ ಒಂದು ಯೂನಿಟ್ ಕರೆಂಟು. 10 ಮೀಟರಿನ ಬಾವಿಯಾದರೆ ಅದೇ ಒಂದು ಯೂನಿಟ್‌ಗೆ 36,000 ಲೀಟರು ಬರುತ್ತಿತ್ತು. ರೈತರಿಗೆ ಕರೆಂಟ್ ಬಿಲ್ ಮಾಫಿ ಇರಬಹುದು, ಜೂಲ್ ಮಾಫಿ ಇಲ್ಲ.

ಆಳದಿಂದ ಎತ್ತುವ ಕಷ್ಟ ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಲಾರ ಚಿನ್ನದ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಇಳಿದಿತ್ತು. 3000 ಮೀಟರಿನಿಂದ ಒಂದು ಟನ್ ಕಲ್ಲು ಎತ್ತಲು 3 ಕೋಟಿ ಜೂಲ್ ಬೇಕು. ಈ ಗಣಿಗೆ 1902ರಲ್ಲಿ 140 ಕಿ.ಮೀ.ಗೂ ದೂರದ ಶಿವನಸಮುದ್ರದಿಂದ ಕರೆಂಟು ತಂದರು. ಅಲ್ಲಿ ಕಾವೇರಿ ಕೆಳಗೆ ಬೀಳುತ್ತಿತ್ತು, ಇಲ್ಲಿ ಗಣಿಯ ಯಂತ್ರಗಳು ತಿರುಗುತ್ತಿದ್ದವು! ಗಣಿ 2001ರಲ್ಲಿ ಮುಚ್ಚಿತು.

ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನೂ ಪಂಪಿನಿಂದಲೇ ತಳ್ಳಬೇಕು. ಮಳೆ ನೀರಿಗೆ ಮಾತ್ರ ಮೋಟಾರು ಬೇಡ. ಸೂರ್ಯನೇ ಅದನ್ನು ಮೋಡದವರೆಗೆ ಎತ್ತಿರುತ್ತಾನೆ. ಕೆರೆಯಲ್ಲಿ ನಿಂತು ಇಂಗಿ, ಅಂತರ್ಜಲ 1 ಮೀಟರು ಮೇಲೆ ಬಂದರೂ ಪ್ರತಿ ಲೀಟರಿಗೆ 10 ಜೂಲ್ ಉಳಿಯುತ್ತದೆ. ಆದ್ದರಿಂದ ಕೆರೆಯ ಹೂಳು ತೆಗೆಯುವುದೂ, ರಾಜಕಾಲುವೆ ಮುಚ್ಚದಂತೆ ಕಾಯುವುದೂ ಶಕ್ತಿಯ ಉಳಿತಾಯವೇ.

ಇದನ್ನು ತಾತನಿಗೆ ಹೇಳಿದೆ. "ಅಂದ್ರೆ ಎತ್ತಿನ ತಪ್ಪೂ ಇಲ್ಲ, ಕುದುರೆ ತಪ್ಪೂ ಇಲ್ಲ. ಕೆರೆ ಬಿಟ್ಟ ನಮ್ಮದೇ ತಪ್ಪು ಅನ್ನು" ಎಂದರು.

ನಿಮಗೊಂದು ಲೆಕ್ಕ: 6 ಮೀಟರು ಎತ್ತರದ ಟ್ಯಾಂಕಿಗೆ 1000 ಲೀಟರು ನೀರನ್ನು ಒಮ್ಮೆ 1 ಎಚ್.ಪಿ., ಇನ್ನೊಮ್ಮೆ ಅರ್ಧ ಎಚ್.ಪಿ. ಮೋಟಾರಿನಿಂದ ತುಂಬಿಸಿದರೆ ಕೆಲಸ ಎಷ್ಟು? ಸಮಯ ಎಷ್ಟು? ಯಾವುದು ಬದಲಾಯಿತು? ಉತ್ತರ ಮುಂದಿನ ಸಂಚಿಕೆಯಲ್ಲಿ.