ಆರು ಲೊಕೇಶನ್ ಬೇಡ, ಒಂದು ಐಡಿಯಾ ಸಾಕು

ಪ್ರಶ್ನೆ: ಗೆಳೆಯರ ಬ್ಯಾಂಡ್ ಒಂದು ಸ್ವಂತ ಹಾಡು ರೆಕಾರ್ಡ್ ಮಾಡಿದೆ. ಕಾಲೇಜಿನ ಪ್ರಾಜೆಕ್ಟ್‌ಗೆ ಅದರ ಮ್ಯೂಸಿಕ್ ವಿಡಿಯೊ ಮಾಡಬೇಕೆಂದಿದ್ದೇವೆ. ಪ್ರೇಮಕಥೆ ಸಿದ್ಧವಾಗಿದೆ, ಆರು ಲೊಕೇಶನ್ ನೋಡಿಟ್ಟಿದ್ದೇವೆ. ದುಡ್ಡು ಮಾತ್ರ ಇಲ್ಲ. ಪ್ಲಾನ್ ಹೇಗೆ ಮಾಡುವುದು?

ಉತ್ತರ: ಮೊದಲು ಆ ಪ್ರೇಮಕಥೆಯನ್ನು ಪಕ್ಕಕ್ಕಿಡಿ. ನಾಲ್ಕು ನಿಮಿಷದೊಳಗೆ ಹುಡುಗ ಹುಡುಗಿಯನ್ನು ನೋಡಿ, ಒಲಿಸಿ, ಕಳೆದುಕೊಂಡು, ಮಳೆಯಲ್ಲಿ ನೆನೆಯುವಷ್ಟರಲ್ಲಿ ಬ್ಯಾಂಡ್ ಎಲ್ಲಿ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ. ಆರು ಲೊಕೇಶನ್ ಎಂದರೆ ಆರು ಸಲ ಸಾಮಾನು ಹೊತ್ತು, ಆರು ಕಡೆ ಅನುಮತಿ ಕೇಳಿ, ಅರ್ಧ ದಿನ ಟ್ರಾಫಿಕ್‌ನಲ್ಲೇ ಕಳೆಯುವುದು.

ದುಡ್ಡಿಲ್ಲದವರು ಒಂದೇ ಐಡಿಯಾ ಹಿಡಿದು ಕೊನೆತನಕ ಎಳೆಯಬೇಕು. ಅಮೆರಿಕದ ಓಕೆ ಗೋ ಬ್ಯಾಂಡ್ 2006ರಲ್ಲಿ ಮಾಡಿದ್ದು ಅದನ್ನೇ. ಎಂಟು ಟ್ರೆಡ್‌ಮಿಲ್, ನಾಲ್ವರು ಹುಡುಗರು, ಅಲುಗಾಡದ ಒಂದು ಕ್ಯಾಮೆರಾ, ನಡುವೆ ಒಂದೂ ಕಟ್ ಇಲ್ಲ. ಕುಣಿತ ಹೊಂದಿಸಿಕೊಟ್ಟವರು ಗಾಯಕನ ಅಕ್ಕ ಟ್ರಿಶ್ ಸೀ. ಮರುವರ್ಷ ಆ ವಿಡಿಯೊಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಲ್ಲಿ ಖರ್ಚಾದದ್ದು ಹೆಚ್ಚಾಗಿ ಬೆವರು. ರಿಹರ್ಸಲ್‌ಗೆ ಬಾಡಿಗೆ ಇಲ್ಲವಲ್ಲ!

ಇನ್ನು ಶೂಟಿಂಗ್ ದಿನ. ಸ್ಥಳದಲ್ಲಿ ಹಾಡಿನ ಅಂತಿಮ ಮಿಕ್ಸ್ ಅನ್ನೇ ಸ್ಪೀಕರ್‌ನಲ್ಲಿ ಹಾಕಿ, ಬ್ಯಾಂಡ್ ಅದಕ್ಕೆ ತಕ್ಕಂತೆ ನುಡಿಸಲಿ. ಗಾಯಕ ತುಟಿಯಾಡಿಸಿದರೆ ಸಾಲದು, ದನಿ ತೆಗೆದೇ ಹಾಡಬೇಕು. ಇಲ್ಲದಿದ್ದರೆ ಕತ್ತಿನ ನರಗಳೇ ಸುಳ್ಳನ್ನು ಬಯಲು ಮಾಡುತ್ತವೆ. ಡ್ರಮ್ಮರ್ ಜೋರಾಗಿ ಬಾರಿಸಿದರೆ ಹಾಡು ಯಾರಿಗೂ ಕೇಳಿಸದು. ಡ್ರಮ್‌ಗಳ ಒಳಗೆ ಬಟ್ಟೆ ತುರುಕಿ, ಅವನಿಗೊಂದು ಇಯರ್‌ಫೋನ್ ಕೊಡಿ. ಕ್ಯಾಮೆರಾದಲ್ಲೂ ಸದ್ದು ರೆಕಾರ್ಡ್ ಆಗುತ್ತಿರಲಿ, ಎಡಿಟಿಂಗ್‌ನಲ್ಲಿ ತಾಳೆ ಹಾಕಲು ಅದೇ ಆಧಾರ.

ಇಡೀ ಹಾಡನ್ನು ವೈಡ್ ಶಾಟ್‌ನಲ್ಲಿ ಎರಡು-ಮೂರು ಸಲ, ಆಮೇಲೆ ಒಬ್ಬೊಬ್ಬರನ್ನೇ ಮೊದಲಿಂದ ಕೊನೆವರೆಗೆ ಒಮ್ಮೆ ತೆಗೆಯಿರಿ. ಇಷ್ಟು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿದರೆ ಆಮೇಲೆ ಏನು ಕೆಟ್ಟರೂ ವಿಡಿಯೊ ಆಗುತ್ತದೆ. ಊಟ ಚೆನ್ನಾಗಿರಲಿ, ಬಿಟ್ಟಿ ಕೆಲಸಕ್ಕೆ ಬಂದವರಿಗೆ ಅಷ್ಟಾದರೂ ಬೇಡವೇ?

ಟ್ಯೂಬ್‌ಲೈಟ್ ಅಡಿಯಲ್ಲಿ ತೆಗೆಯುವುದಾದರೆ ಒಂದು ಎಚ್ಚರ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್, 1/50 ಶಟರ್‌ಗೆ ಇಟ್ಟರೆ ಚಿತ್ರ ಮಿನುಗುವುದಿಲ್ಲ. ಫೋನ್‌ಗಳ ಮಾಮೂಲಿ 30 ಫ್ರೇಮ್‌ನಲ್ಲಿ ಗೋಡೆಯ ಮೇಲೆ ಪಟ್ಟೆ ಹರಿದಾಡಬಹುದು. ಗಾಯಕ ಸ್ಲೋಮೋಷನ್‌ನಲ್ಲಿ ಹಾಡಬೇಕೆಂದರೆ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ, ಅದೇ ವೇಗದಲ್ಲಿ ಅವನಿಂದ ಹಾಡಿಸಿ, 50 ಫ್ರೇಮ್‌ನಲ್ಲಿ ತೆಗೆದು 25ಕ್ಕೆ ಇಳಿಸಿ. ತುಟಿ ಸರಿಯಾಗಿ ಕೂರುತ್ತದೆ, ಕೂದಲು ಮತ್ತು ಬಟ್ಟೆ ಮಾತ್ರ ತೇಲುತ್ತವೆ. ಕೋಲ್ಡ್‌ಪ್ಲೇ ಬ್ಯಾಂಡ್‌ನ ‘ಯೆಲ್ಲೋ’ ವಿಡಿಯೊದಲ್ಲಿ ಗಾಯಕ ಕ್ರಿಸ್ ಮಾರ್ಟಿನ್ ಇಂಗ್ಲೆಂಡಿನ ಸ್ಟಡ್‌ಲ್ಯಾಂಡ್ ಕಡಲತೀರದಲ್ಲಿ ಒಂಟಿಯಾಗಿ ನಡೆಯುವುದು ಹೀಗೇ ತೆಗೆದದ್ದು. ಅದೂ ಒಂದೇ ಶಾಟ್. ಹವಾಮಾನ ಕೈಕೊಟ್ಟು ಮೊದಲಿನ ಯೋಜನೆ ಬಿಟ್ಟ ಮೇಲೆ ಹುಟ್ಟಿದ್ದು.

ಮೆಟ್ರೊ ಮತ್ತು ರೈಲು ನಿಲ್ದಾಣಗಳಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ತೆಗೆಯಬೇಡಿ. ಕಾಲೇಜಿನ ಖಾಲಿ ಸಭಾಂಗಣವೋ ಯಾರದೋ ಮನೆಯ ತಾರಸಿಯೋ ಸಾಕು.

ಕೊನೆಗೆ, ಗೆಳೆತನ ಎಷ್ಟೇ ಗಟ್ಟಿಯಿದ್ದರೂ ಬ್ಯಾಂಡ್‌ನೊಂದಿಗೆ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ. ಹಾಡು ಬರೆದವರ ಮತ್ತು ರೆಕಾರ್ಡಿಂಗ್ ಯಾರದೋ ಅವರ ಒಪ್ಪಿಗೆ, ವಿಡಿಯೊ ಯಾರ ಚಾನೆಲ್‌ನಲ್ಲಿ ಬರುತ್ತದೆ, ನಿಮ್ಮ ಹೆಸರು ಎಲ್ಲಿರುತ್ತದೆ, ಎಷ್ಟು ಸಲ ತಿದ್ದಿಕೊಡುತ್ತೀರಿ, ಇಷ್ಟೂ ಅದರಲ್ಲಿರಲಿ. ಕ್ಯಾಮೆರಾ ಬಾಡಿಗೆಗೆ ಹೇಳುವ ಮೊದಲೇ ಎಲ್ಲರೂ ಸಹಿ ಹಾಕಿರಲಿ.