ಗಲ್ಲಾಪೆಟ್ಟಿಗೆಯ ಪಕ್ಕದ ಗಣಿತ: ಕ್ಯೂಆರ್ ಸ್ಟ್ಯಾಂಡ್ ತಯಾರಿಕೆ – ಒಂದು ಬೋಧನಾಭ್ಯಾಸ ಅನುಭವ

ಪೀಠಿಕೆ

ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರೌಢಶಾಲೆಯ ಹತ್ತನೆಯ ತರಗತಿಗೆ ನಾನು ಗಣಿತ ಬೋಧಿಸಿದೆ. ಸಮಾಂತರ ಶ್ರೇಢಿ, ಪೈಥಾಗೊರಸ್ ಪ್ರಮೇಯ ಮತ್ತು ತ್ರಿಕೋನಮಿತಿ ಘಟಕಗಳು ಮುಗಿದ ಮೇಲೆ ಮೂರನ್ನೂ ಒಟ್ಟಿಗೆ ಬಳಸುವ ಒಂದು ಕಿರುಯೋಜನೆ ಬೇಕಿತ್ತು. ತರಗತಿಯ 32 ಮಕ್ಕಳಲ್ಲಿ ಹಲವರ ಮನೆಯವರು ಹೂವು, ಎಳನೀರು, ಬೋಂಡಾ, ಬಟ್ಟೆ ಹೊಲಿಗೆ, ಸೈಕಲ್ ರಿಪೇರಿಯಂತಹ ಸಣ್ಣ ವ್ಯಾಪಾರದಲ್ಲಿದ್ದಾರೆ. ಅವರೆಲ್ಲರ ಬಳಿಯೂ ಕ್ಯೂಆರ್ ಕೋಡ್ ಇದೆ. ಆದರೆ ಅದು ತಕ್ಕಡಿಗೆ ಒರಗಿರುತ್ತದೆ, ಗಾಡಿಯ ಕಂಬಕ್ಕೆ ಅಂಟಿರುತ್ತದೆ, ಎಣ್ಣೆ ಮೆತ್ತಿಕೊಂಡಿರುತ್ತದೆ. ಅದಕ್ಕೆ ಕಾಗದದ ಸ್ಟ್ಯಾಂಡ್ ಮಾಡಿಕೊಡುವುದನ್ನೇ ಕಿರುಯೋಜನೆಯಾಗಿ ಆರಿಸಿಕೊಂಡೆ. 40 ನಿಮಿಷಗಳ ಮೂರು ಅವಧಿಗಳು, ನಾಲ್ಕು ಮಕ್ಕಳ ಎಂಟು ಗುಂಪುಗಳು.

ಪಾಠಯೋಜನೆಯನ್ನು ಮಾರ್ಗದರ್ಶಕ ಶಿಕ್ಷಕರಿಗೆ ತೋರಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಕೋಡ್ ಮುದ್ರಿಸೋದು ಕಲಿಸ್ತೀರಿ, ಸರಿ. ಇನ್ನೊಬ್ಬರ ಕೋಡ್ ಮೇಲೆ ತಮ್ಮದನ್ನ ಅಂಟಿಸೋದನ್ನೂ ಕಲಿಸಿದ ಹಾಗಾಗಲ್ವಾ?" ವ್ಯಾಪಾರಿಯ ಕೋಡಿನ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿ ಹಣ ಲಪಟಾಯಿಸುವ ಮೋಸ ಎಲ್ಲರಿಗೂ ಗೊತ್ತಿರುವುದೇ. ಆ ಪ್ರಶ್ನೆಯನ್ನು ಬದಿಗಿಡದೆ ಮೂರನೆಯ ಅವಧಿಯ ಕೇಂದ್ರವಾಗಿ ಮಾಡಿಕೊಂಡೆ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಅಲ್ಲಿಯೇ ಇದೆ.

ಮೊದಲ ಅವಧಿ: ಕೋಡಿನೊಳಗಿನ ಶ್ರೇಢಿ

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ರೂಪಿಸಿದರು. ವಾಹನಗಳ ಬಿಡಿಭಾಗಗಳ ಲೆಕ್ಕ ಇಡುವುದು ಮೊದಲ ಉದ್ದೇಶ. ಅದು ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂದದ್ದು 2016ರಲ್ಲಿ ಯುಪಿಐ ಆರಂಭವಾದ ನಂತರದ ವರ್ಷಗಳಲ್ಲಿ.

ದೊಡ್ಡದಾಗಿ ಮುದ್ರಿಸಿದ ಕೋಡನ್ನು ಪ್ರತಿ ಗುಂಪಿಗೂ ಕೊಟ್ಟು ಒಂದು ಅಂಚಿನ ಚೌಕಗಳನ್ನು ಎಣಿಸಲು ಹೇಳಿದೆ. ಒಂದು ಗುಂಪಿಗೆ 21 ಬಂತು, ಇನ್ನೊಂದಕ್ಕೆ 25, ಮತ್ತೊಂದಕ್ಕೆ 29. "ಮುಂದಿನದು ಎಷ್ಟು?" ಎಂದು ಕೇಳುವ ಮೊದಲೇ ಹಿಂದಿನ ಬೆಂಚಿನಿಂದ "33" ಎಂಬ ಉತ್ತರ ಬಂತು. ಕೋಡಿಗೆ ಒಟ್ಟು 40 ಗಾತ್ರಗಳಿವೆ. ಮೊದಲ ಪದ 21, ಸಾಮಾನ್ಯ ವ್ಯತ್ಯಾಸ 4. ಹಾಗಾದರೆ 40ನೆಯ ಪದ 21 + 39 × 4 = 177. ಅತಿ ದೊಡ್ಡ ಕೋಡಿನ ಅಂಚಿನಲ್ಲಿ 177 ಚೌಕಗಳಿರುತ್ತವೆ. ಸೂತ್ರ ಮೊದಲೇ ತಿಳಿದಿತ್ತು. ಅದು ಹೊರಗೆ ಎಲ್ಲೋ ಬಳಕೆಯಲ್ಲಿದೆ ಎಂಬುದು ಹೊಸದಾಗಿ ತಿಳಿಯಿತು.

ನಂತರ ದೋಷ ತಿದ್ದುವ ಮಟ್ಟಗಳನ್ನು ಪರಿಚಯಿಸಿದೆ. ಕೋಡಿನ ಸ್ವಲ್ಪ ಭಾಗ ಹಾಳಾದರೂ ಉಳಿದುದರಿಂದ ಮಾಹಿತಿಯನ್ನು ಪೂರ್ತಿ ಕಟ್ಟಿಕೊಳ್ಳುವ ಗಣಿತ ಅದರಲ್ಲಿದೆ. ಇದಕ್ಕೆ ನಾಲ್ಕು ಮಟ್ಟಗಳು: ಎಲ್ ಸುಮಾರು 7%, ಎಂ 15%, ಕ್ಯೂ 25%, ಎಚ್ 30%. ಹೆಚ್ಚು ತಿದ್ದಬೇಕಾದರೆ ಹೆಚ್ಚುವರಿ ಮಾಹಿತಿ ತುಂಬಬೇಕು, ಆಗ ಕೋಡಿನ ಗಾತ್ರ ಏರುತ್ತದೆ. 50 ಬೈಟ್‌ಗಳ ಒಂದು ವಾಕ್ಯವನ್ನು ನಾಲ್ಕೂ ಮಟ್ಟಗಳಲ್ಲಿ ಕೋಡ್ ಮಾಡಿದಾಗ ಅಂಚಿನ ಚೌಕಗಳು ಕ್ರಮವಾಗಿ 29, 33, 37, 41 ಆದವು. ಅಲ್ಲೂ ಅದೇ ಶ್ರೇಢಿ! ಕೋಡನ್ನು 70 ಮಿ.ಮೀ. ಅಗಲಕ್ಕೆ ಮುದ್ರಿಸಿದರೆ ಒಂದು ಚೌಕದ ಅಳತೆ 2.41, 2.12, 1.89, 1.71 ಮಿ.ಮೀ. ಆಗುತ್ತದೆ. ಸಹನಶಕ್ತಿ ಹೆಚ್ಚಿದಷ್ಟೂ ಚೌಕ ಚಿಕ್ಕದಾಗುತ್ತದೆ ಎಂಬುದನ್ನು ಮಕ್ಕಳು ಪಟ್ಟಿ ಮಾಡಿ ತಾವೇ ಹೇಳಿದರು.

ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಚನೆಗಳು. ಲಿಬ್ರೆ ಆಫೀಸ್ ತಂತ್ರಾಂಶದಲ್ಲಿಯೇ ಕ್ಯೂಆರ್ ಕೋಡ್ ಸೇರಿಸುವ ಹಾಗೂ ಮಟ್ಟ ಆರಿಸುವ ಸೌಲಭ್ಯವಿದೆ. ಇಂಟರ್ನೆಟ್ ಬೇಡ, ಯಾರ ಮಾಹಿತಿಯೂ ಹೊರಗೆ ಹೋಗುವುದಿಲ್ಲ. ಎರಡನೆಯದು, ಈ ಪ್ರಯೋಗಕ್ಕೆ ಇಂಗ್ಲಿಷ್ ಸಣ್ಣಕ್ಷರಗಳ ವಾಕ್ಯ ಬಳಸಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಎಣಿಕೆ ಗೊಂದಲವಾಗುತ್ತದೆ.

ಎರಡನೆಯ ಅವಧಿ: ಮಡಿಸಿ ನಿಲ್ಲಿಸುವುದು

ಸಾಮಗ್ರಿ ಕಡಿಮೆ: ಎ4 ಅಳತೆಯ ದಪ್ಪ ಕಾಗದ, ಅಳತೆಪಟ್ಟಿ, ಕತ್ತರಿ, ಗೋಂದು, ಶಾಯಿ ಮುಗಿದ ಬಾಲ್‌ಪೆನ್ನು. ಎ4 ಹಾಳೆ 210 × 297 ಮಿ.ಮೀ. ಅದನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿದರೆ 105 ಮಿ.ಮೀ. ಅಗಲದ ಎರಡು ಪಟ್ಟಿಗಳು. ಒಂದು ಪಟ್ಟಿಗೆ ಒಂದು ಸ್ಟ್ಯಾಂಡ್, ಎಂಟು ಗುಂಪಿಗೆ ನಾಲ್ಕು ಹಾಳೆ.

ಪಟ್ಟಿಯ ಉದ್ದವನ್ನು ಹೀಗೆ ಹಂಚಿದೆವು: ಅಂಟಿಸುವ ಅಂಚು 17, ತಳ 60, ಮುಂಭಾಗ 110, ಹಿಂಭಾಗ 110. ಮೊತ್ತ 297, ಹಾಳೆಯಲ್ಲಿ ಒಂದಿಷ್ಟೂ ವ್ಯರ್ಥವಿಲ್ಲ. ಮಡಿಕೆ ಗೆರೆಗಳು 17, 77, 187 ಮಿ.ಮೀ.ಗಳಲ್ಲಿ. ಗೆರೆಯ ಮೇಲೆ ಖಾಲಿ ಪೆನ್ನನ್ನು ಒತ್ತಿ ಎಳೆದರೆ ದಪ್ಪ ಕಾಗದ ನೇರವಾಗಿ ಮಡಿಯುತ್ತದೆ.

ಮಡಿಸುವ ಮೊದಲು ಒಂದು ಪ್ರಶ್ನೆ ಕೊಟ್ಟೆ: ನಿಂತಾಗ ಇದರ ಎತ್ತರ ಎಷ್ಟು? ಕೆಲವರು 110 ಎಂದರು. ಬದಿಯಿಂದ ನೋಡಿದರೆ ಇದು ಸಮದ್ವಿಬಾಹು ತ್ರಿಭುಜ. ತಳದ ಅರ್ಧ 30, ವಿಕರ್ಣ 110. ಎತ್ತರದ ವರ್ಗ 12100 – 900 = 11200; ಎತ್ತರ ಸುಮಾರು 105.8 ಮಿ.ಮೀ. ತಳದ ಕೋನದ ಕೊಸೈನ್ 30/110, ಕೋನ ಸುಮಾರು 74 ಡಿಗ್ರಿ. ಅಂದರೆ ಮುಂಭಾಗ ಹಿಂದಕ್ಕೆ 16 ಡಿಗ್ರಿಯಷ್ಟು ವಾಲುತ್ತದೆ. ಗಾಡಿಯ ಮುಂದೆ ನಿಂತವರ ಫೋನಿಗೆ ಈ ವಾಲು ಅನುಕೂಲ. ಮಡಿಸಿ ಅಳೆದಾಗ ಹೆಚ್ಚಿನ ಗುಂಪುಗಳಿಗೆ 105ರಿಂದ 106 ಮಿ.ಮೀ. ಬಂತು. ಕಡಿಮೆ ಬಂದವರು ತಮ್ಮ ಮಡಿಕೆ ಗೆರೆ ಓರೆಯಾಗಿದ್ದುದನ್ನು ತಾವೇ ಪತ್ತೆ ಹಚ್ಚಿದರು.

ಕೋಡಿನ ಸುತ್ತ ಖಾಲಿ ಬಿಳಿ ಅಂಚು ಬೇಕು. ನಿಯಮದಂತೆ ನಾಲ್ಕು ಚೌಕಗಳಷ್ಟು. ಎಚ್ ಮಟ್ಟದಲ್ಲಿ 4 × 1.71, ಅಂದರೆ ಸುಮಾರು 6.8 ಮಿ.ಮೀ. ಎರಡೂ ಬದಿ ಸೇರಿ ಒಟ್ಟು 84 ಮಿ.ಮೀ. 105 ಮಿ.ಮೀ. ಅಗಲದಲ್ಲಿ ಅದು ಆರಾಮವಾಗಿ ಕೂರುತ್ತದೆ, 110 ಮಿ.ಮೀ. ಎತ್ತರದಲ್ಲಿ ಹೆಸರು ಬರೆಯಲು 26 ಮಿ.ಮೀ. ಉಳಿಯುತ್ತದೆ. ಕೋಡಿನ ಅಗಲದ ಹತ್ತು ಪಟ್ಟು ದೂರದಿಂದ ಓದಬಹುದು ಎಂಬುದು ರೂಢಿಯ ಅಂದಾಜು. 70 ಮಿ.ಮೀ.ಗೆ 70 ಸೆಂ.ಮೀ. ಹೂವಿನ ಬುಟ್ಟಿಯ ಆಚೆ ನಿಂತು ಕೈಚಾಚುವವರಿಗೆ ಇಷ್ಟು ಸಾಕು. ಮುದ್ರಿಸುವಾಗ ಪ್ರಿಂಟರ್ ಹಾಳೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸದಂತೆ 100% ಅಳತೆ ಆರಿಸಬೇಕು, ಕತ್ತರಿಸುವ ಮೊದಲು 70 ಮಿ.ಮೀ. ಇದೆಯೇ ಎಂದು ಅಳೆಯಬೇಕು.

ಮೂರನೆಯ ಅವಧಿ: ಯಂತ್ರ ತಿದ್ದದ ದೋಷ

ಮಕ್ಕಳ ಬಳಿ ಫೋನ್ ಇರಲಿಲ್ಲ. ನನ್ನದು ಮತ್ತು ಮಾರ್ಗದರ್ಶಕರದು, ಎರಡೇ ಫೋನ್‌ಗಳಿಂದ ಮೂರು ಪರೀಕ್ಷೆ ಮಾಡಿದೆವು. ಇದಕ್ಕೆ ಹಣದ ಕೋಡ್ ಬಳಸಲಿಲ್ಲ, ಮೊದಲ ಅವಧಿಯ ವಾಕ್ಯದ ಕೋಡ್‌ಗಳನ್ನೇ ಬಳಸಿದೆವು.

ಮೊದಲ ಪರೀಕ್ಷೆ: 24 ಮಿ.ಮೀ. ಚೌಕಾಕಾರದ ಬಿಳಿ ಕಾಗದವನ್ನು ಕೋಡಿನ ನಡುವೆ ಇಡುವುದು. ಮುಚ್ಚಿದ ಭಾಗ ಸುಮಾರು 12%. ಎಲ್ ಮಟ್ಟದ ಕೋಡ್ ಓದಲಿಲ್ಲ, ಎಚ್ ಮಟ್ಟದ್ದು ತಕ್ಷಣ ಓದಿತು. ಎರಡನೆಯದು: 12 ಮಿ.ಮೀ.ನ ಪುಟ್ಟ ಚೂರನ್ನು ಮೂಲೆಯ ದೊಡ್ಡ ಚೌಕದ ಮೇಲೆ ಇಡುವುದು. ಮುಚ್ಚಿದ್ದು ಸುಮಾರು 3% ಮಾತ್ರ, ಆದರೂ ಎಚ್ ಮಟ್ಟದ ಕೋಡನ್ನೂ ನಮ್ಮ ಫೋನ್‌ಗಳು ಓದಲಿಲ್ಲ. ಮೂರು ಮೂಲೆಯ ಚೌಕಗಳಿಂದಲೇ ಫೋನ್ ಕೋಡನ್ನು ಗುರುತಿಸುವುದು. ಅವು ತಿದ್ದುವಿಕೆಯ ರಕ್ಷಣೆಯೊಳಗೆ ಇಲ್ಲ.

ಮೂರನೆಯ ಪರೀಕ್ಷೆಯಲ್ಲಿ ಒಂದು ಕೋಡಿನ ಮೇಲೆ ಇನ್ನೊಂದು ಕೋಡನ್ನು ಸರಿಯಾಗಿ ಹೊಂದಿಸಿ ಅಂಟಿಸಿದೆ. ಫೋನ್ ಯಾವ ತಕರಾರೂ ಇಲ್ಲದೆ ಓದಿತು, ಆದರೆ ಬೇರೆ ವಾಕ್ಯ. ತರಗತಿ ಒಂದು ಕ್ಷಣ ಸುಮ್ಮನಾಯಿತು. "ಸೇಕಡ ಎಷ್ಟು ಹಾಳಾಗಿದೆ?" ಎಂದು ಕೇಳಿದೆ. "ನೂರಕ್ಕೆ ನೂರು" ಎಂದ ಒಬ್ಬ. "ಇಲ್ಲ, ಸೊನ್ನೆ. ಮೇಲಿನ ಕೋಡ್ ಸರಿಯಾಗೇ ಇದೆಯಲ್ಲ" ಎಂದಳು ಹೂವಿನ ವ್ಯಾಪಾರಿಯ ಮಗಳು. ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಬರೆದೆ. ಕೋಡ್ ಸವೆದಿದೆಯೇ ಎಂದು ಯಂತ್ರ ನೋಡುತ್ತದೆ; ಅದು ಯಾರದ್ದು ಎಂದು ನೋಡುವುದಿಲ್ಲ. ಅದನ್ನು ಮನುಷ್ಯರೇ ನೋಡಬೇಕು. ಹಾಗಾದರೆ ನಮ್ಮ ಸ್ಟ್ಯಾಂಡ್ ಹೇಗಿರಬೇಕು?

ಚರ್ಚೆಯಿಂದ ಮೂರು ತೀರ್ಮಾನಗಳು ಬಂದವು. ಒಂದು, ಉಳಿದ 26 ಮಿ.ಮೀ.ನಲ್ಲಿ ಎರಡು ಸಾಲು: ಅಂಗಡಿಯ ಹೆಸರು, ಅದರ ಕೆಳಗೆ "ಫೋನಿನಲ್ಲಿ ಕಾಣುವ ಹೆಸರು". ಎಷ್ಟೋ ಅಂಗಡಿಗಳಲ್ಲಿ ವ್ಯಾಪಾರ ತಾಯಿಯದು, ಖಾತೆ ಮಗನದು. ಗಿರಾಕಿಗೆ ಹೋಲಿಸಿ ನೋಡಲು ಈ ಸಾಲು ಬೇಕು. ಎರಡು, ಬೆಳಿಗ್ಗೆ ಬೋಣಿಗೆ ಮೊದಲು ಮನೆಯವರೊಬ್ಬರ ಫೋನಿನಿಂದ ಕೋಡ್ ತೋರಿಸಿ ಹೆಸರು ಮಾತ್ರ ನೋಡಿ ಹಿಂದೆ ಬರುವುದು. ಮೂರು, ಕೋಡಿನ ನಡುವೆ ಮಾಲೀಕರ ಕೈಬರಹದ ಗುರುತು. ಈ ಮೂರನೆಯದು ಸೈಕಲ್ ಅಂಗಡಿಯ ಹುಡುಗನ ಯೋಚನೆ: "ಎಚ್ ಮಟ್ಟದಲ್ಲಿ ನಡುವೆ ಜಾಗ ಬಿಟ್ಟಿದೆಯಲ್ಲ ಸರ್, ಅಲ್ಲಿ ನಮ್ಮಪ್ಪ ಸಹಿ ಹಾಕಲಿ. ಮೇಲೆ ಅಂಟಿಸಿದ್ರೆ ಸಹಿ ಕಾಣಲ್ಲ." ಬಣ್ಣದ ಪೆನ್ನಿನಿಂದ ಸಹಿ ಹಾಕಿ ನೋಡಿದೆವು, ಕೋಡ್ ಓದಿತು. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ ಎಂಬ ಸಲಹೆಯೂ ಬಂತು. ಆಧಾರ್ ಮೂಲಕ ಬ್ಯಾಂಕ್ ಹಣ ತೆಗೆಯಲು ಬೆರಳಚ್ಚು ಬಳಕೆಯಾಗುವುದರಿಂದ ಅದನ್ನು ಬಹಿರಂಗವಾಗಿ ಇಡಬಾರದು ಎಂದು ವಿವರಿಸಿದೆ. ಬದಲಿಗೆ ಅವರದೇ ಕೈಯ ಒಂದು ಚುಕ್ಕಿ ರಂಗೋಲಿ ಸಾಕು ಎಂದಾಯಿತು.

ನಾವು ಪಾಲಿಸಿದ ನಿಯಮಗಳು

ಮಾಲೀಕರು ಒಪ್ಪಿ ತಮ್ಮ ಫೋನಿನಿಂದ ತಾವೇ ತೋರಿಸಿದ ಕೋಡನ್ನಷ್ಟೇ ಬಳಸಿದೆವು. ಬ್ಯಾಂಕಿನವರು ಅಥವಾ ಆ್ಯಪ್‌ನವರು ಕೊಟ್ಟ ಅಂಗಡಿ ಕೋಡ್ ಇದ್ದಲ್ಲಿ ಅದನ್ನು ಮುಟ್ಟದೆ ಸ್ಟ್ಯಾಂಡ್ ಮಾತ್ರ ಕೊಟ್ಟೆವು. ಮುದ್ರಿಸಿದ ಮೇಲೆ ಕಂಪ್ಯೂಟರಿನಲ್ಲಿದ್ದ ಕಡತವನ್ನು ಮಕ್ಕಳ ಎದುರೇ ಅಳಿಸಿದೆ. ಒಂದು ರೂಪಾಯಿ ಕಳಿಸಿ ಮಾಲೀಕರ ಖಾತೆಗೆ ಬಂತೆಂದು ಅವರ ಬಾಯಿಂದಲೇ ಕೇಳಿದ ಮೇಲೆ ಸ್ಟ್ಯಾಂಡ್ ಒಪ್ಪಿಸಿದೆವು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಯಾರಾದರೂ ಒತ್ತಲು ಹೇಳಿದರೆ ಅದು ಮೋಸ ಎಂಬ ಮಾತನ್ನೂ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಯನ್ನೂ ಮಕ್ಕಳು ಸ್ಟ್ಯಾಂಡಿನ ಹಿಂಭಾಗದಲ್ಲಿ, ವ್ಯಾಪಾರಿಯ ಕಣ್ಣಿಗೆ ಬೀಳುವಂತೆ ಬರೆದರು.

ಮೌಲ್ಯಮಾಪನ

ಹತ್ತು ಅಂಕಗಳನ್ನು ಹೀಗೆ ಹಂಚಿದೆ: ಶ್ರೇಢಿ ಮತ್ತು ಶೇಕಡಾ ಲೆಕ್ಕ 4, ಎತ್ತರ ಮತ್ತು ಕೋನ 3, ಅಳತೆಯ ನಿಖರತೆ 3. ಒಡೆತನದ ಪರೀಕ್ಷೆಗೆ ಅಂಕ ಇಡಲಿಲ್ಲ. ಅದು ಆಗದ ಸ್ಟ್ಯಾಂಡ್ ತರಗತಿಯಿಂದ ಹೊರಗೆ ಹೋಗುವಂತಿಲ್ಲ, ಅಷ್ಟೆ. ಕೆಲವು ಸಂಗತಿಗಳಿಗೆ ಅರ್ಧ ಅಂಕ ಎಂಬುದಿಲ್ಲ ಎಂದು ಮಕ್ಕಳಿಗೆ ಹೇಳಿದಾಗ ಯಾರೂ ತಕರಾರು ಮಾಡಲಿಲ್ಲ.

ಮಾರ್ಗದರ್ಶಕರ ಪ್ರಶ್ನೆಗೆ ನನ್ನ ಉತ್ತರ ಇದು: ಮೋಸದ ದಾರಿ ಮಕ್ಕಳಿಗೆ ಪಾಠದಿಂದ ತಿಳಿಯಬೇಕಾಗಿಲ್ಲ, ಸಂತೆಯಲ್ಲೇ ತಿಳಿಯುತ್ತದೆ. ಅದನ್ನು ತಡೆಯುವ ದಾರಿಗೆ ಗಣಿತ ಬೇಕು. ಎಚ್ ಮಟ್ಟದ 30% ಎಂಬ ಅಂಕಿ ಪಠ್ಯದ ಬದಿಯಲ್ಲಿ ಬರಿಯ ಮಾಹಿತಿಯಾಗಿ ಉಳಿಯುತ್ತಿತ್ತು. ಒಬ್ಬ ಹುಡುಗ ಆ ಜಾಗದಲ್ಲಿ ತನ್ನ ಅಪ್ಪನ ಸಹಿಯನ್ನು ಕಂಡ. ಈ ಪಾಠವನ್ನು ಕೈಗೆತ್ತಿಕೊಳ್ಳುವ ಸಹಪಾಠಿಗಳು ಸಮಯ ಕಡಿಮೆ ಬಿದ್ದರೆ ಮಡಿಸುವ ಕೆಲಸವನ್ನು ಮನೆಗೆ ಕೊಡಲಿ. ಒಂದರ ಮೇಲೊಂದು ಕೋಡ್ ಅಂಟಿಸಿ ಓದಿಸುವ ಪರೀಕ್ಷೆಯನ್ನು ಮಾತ್ರ ತರಗತಿಯಲ್ಲೇ, ಎಲ್ಲರ ಎದುರಿಗೆ ಮಾಡಲಿ.