ಹದಿನಾರಿನ ಕೆರೆಯಿಂದ ಬನ್ನಿಮಂಟಪದವರೆಗೆ

ಅರಸುಕುಲಗಳ ಚರಿತ್ರೆಯನ್ನು ಕಾಪಾಡಿಕೊಂಡು ಬಂದ ಸಾಧನಗಳು ಮುಖ್ಯವಾಗಿ ಎರಡು. ಒಂದು ವಂಶಾವಳಿ, ಮತ್ತೊಂದು ಹಬ್ಬ. ಅರಸನು ಯಾವ ಕುಲದವನು, ಎಲ್ಲಿಂದ ಬಂದವನು ಎಂಬುದನ್ನು ವಂಶಾವಳಿಯು ಹೇಳುತ್ತದೆ. ಬಂದವನಿಗೆ ನೆಲೆ ಕೊಟ್ಟವರಾರು, ಅವನಿಂದ ನೊಂದವರಾರು ಎಂಬುದನ್ನು ಬಹುಮಟ್ಟಿಗೆ ಹಬ್ಬವು ನೆನಪಿನಲ್ಲಿರಿಸುತ್ತದೆ. ರಜಪೂತರ ನಾಡಿನಲ್ಲಿ ಚಾರಣರೂ ಭಾಟರೂ ಕುಲಕೀರ್ತನೆ ಮಾಡುತ್ತ ಬಂದರು. ಊರಿನ ಜನರು ಕುಲದೇವಿಯ ಪೂಜೆಯಲ್ಲಿ, ದಸರೆಯ ಆಚರಣೆಯಲ್ಲಿ ತಮ್ಮ ಪಾಲನ್ನು ಉಳಿಸಿಕೊಂಡರು. ಕಪಿಲಾ ಕಾವೇರಿಗಳ ತೀರದಲ್ಲಿಯೂ ಇಂತಹುದೇ ಒಂದು ಕ್ಷತ್ರಿಯ ಐತಿಹ್ಯವಿದೆ. ಅದರ ಮೊದಲ ನೆಲೆ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮ.

ಹಳೆಯ ಬರಹಗಳಲ್ಲಿ ಹದಿನಾಡು ಎಂದು ಕಾಣಿಸಿಕೊಳ್ಳುವ ಊರು ಇದೇ ಎಂಬುದು ಪರಂಪರೆಯ ನಂಬಿಕೆ. ಕಥೆಯು ಹೀಗಿದೆ: ಹದಿನಾಡಿನ ಪಾಳೆಯಗಾರನ ಮನೆಯಲ್ಲಿ ಗಂಡುದಿಕ್ಕಿಲ್ಲದ ವೇಳೆಯನ್ನು ಸಾಧಿಸಿ, ಕಾರುಗಹಳ್ಳಿಯ ಮಾರನಾಯಕನು ಆ ಮನೆಯ ಮಗಳು ದೇವಾಜಮ್ಮಣ್ಣಿಯನ್ನು ಬಲವಂತದಿಂದ ಮದುವೆಯಾಗಲು ಹವಣಿಸಿದನು. ಆ ಸಮಯದಲ್ಲಿ ದ್ವಾರಕೆಯ ಯಾದವ ಕುಲದವರೆನ್ನಲಾದ ಯದುರಾಯ, ಕೃಷ್ಣರಾಯ ಎಂಬ ಸಹೋದರರು ಅಲ್ಲಿಗೆ ಬಂದು ಕೆರೆಯ ಬಳಿ ದಣಿವಾರಿಸಿಕೊಳ್ಳುತ್ತಿದ್ದರು. ನೀರಿಗೆ ಬಂದ ಹೆಂಗಸರ ಮಾತಿನಿಂದ ಅವರಿಗೆ ಈ ಸಂಕಟದ ಅರಿವಾಯಿತು. ಜಂಗಮನೊಬ್ಬನ ನೆರವಿನಿಂದ ಅವರು ಮಾರನಾಯಕನನ್ನು ಸಂಹರಿಸಿದರು. ಯದುರಾಯನು ದೇವಾಜಮ್ಮಣ್ಣಿಯನ್ನು ವರಿಸಿ, 1399ರಲ್ಲಿ ಮೈಸೂರು ಒಡೆಯರ ಮನೆತನಕ್ಕೆ ಮೂಲಪುರುಷನಾದನು.

ಈ ಕಥೆಗೆ ಪಾಠಾಂತರಗಳಿವೆ. ಸಹೋದರರಿಗೆ ಈ ವಾರ್ತೆ ತಿಳಿದದ್ದು ಮೈಸೂರಿನ ಕೋಡಿಭೈರವನ ಗುಡಿಯಲ್ಲಿ ಎಂದು ಕೆಲವರು ಹೇಳುತ್ತಾರೆ. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದ ತಿರುಮಲಾರ್ಯನು ರಚಿಸಿದ ‘ಚಿಕದೇವರಾಜ ವಂಶಾವಳಿ’ಯಲ್ಲಿ ಯಾದವ ಅರಸುಮಕ್ಕಳು ಯದುಗಿರಿಯ ನಾರಾಯಣನ ಸೇವೆಗಾಗಿ ದ್ವಾರಕೆಯಿಂದ ಬರುತ್ತಾರೆ. 1810ರಲ್ಲಿ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ ಕರ್ನಲ್ ವಿಲ್ಕ್ಸನಾದರೋ ಅವರನ್ನು ವಿಜಯನಗರದ ಆಸ್ಥಾನದಿಂದ ಹೊರಟವರೆಂದು ಹೇಳುತ್ತಾನೆ; ಗೆದ್ದ ಬಳಿಕ ಅವರು ಜಂಗಮ ಮತವನ್ನೂ ಒಡೆಯರೆಂಬ ಬಿರುದನ್ನೂ ಸ್ವೀಕರಿಸಿದರೆಂದು ಬರೆಯುತ್ತಾನೆ. ಶ್ರೀವೈಷ್ಣವಕ್ಕೆ ಒಲಿದ ಅರಸನ ಕಾಲದ ಕವಿಗೆ ಮೇಲುಕೋಟೆ ಮುಖ್ಯವಾಯಿತು. ಜನರ ಬಾಯಲ್ಲಿ ಉಳಿದ ಕಥೆಗೆ ಜಂಗಮನೂ ಕೆರೆಯ ಏರಿಯೂ ಮುಖ್ಯವಾದವು. ಇವುಗಳಲ್ಲಿ ಒಂದನ್ನು ಸತ್ಯವೆಂದು ಎತ್ತಿಹಿಡಿದು ಮತ್ತೊಂದನ್ನು ತಳ್ಳಿಹಾಕುವುದಕ್ಕಿಂತ, ಯಾರು ಯಾವುದನ್ನು ಏಕೆ ನೆನೆದರು ಎಂದು ವಿಚಾರಿಸುವುದೇ ವಿದ್ಯಾರ್ಥಿಗೆ ಹೆಚ್ಚು ಫಲಪ್ರದ. ಯಾವ ಪಾಠವನ್ನು ಹಿಡಿದರೂ ಅರಸನು ಹೊರಗಿನಿಂದ ಬಂದವನೇ. ಹದಿನಾರಿನ ಕಥೆಯಲ್ಲಿಯಂತೂ ಅವನಿಗೆ ನೆಲವನ್ನೂ ನೆಲೆಯನ್ನೂ ಒದಗಿಸಿದವರು ಆ ಊರಿನ ಹೆಣ್ಣುಮಗಳು, ನೀರು ಹೊರುವ ಹೆಂಗಸರು ಮತ್ತು ಒಬ್ಬ ಜಂಗಮ.

ರಜಪೂತರ ಐತಿಹ್ಯವೂ ಇದಕ್ಕೆ ದೂರವಾದುದಲ್ಲ. ಮೇವಾಡದ ಮೂಲಪುರುಷ ಬಪ್ಪಾ ರಾವಳನಿಗೆ ರಾಜ್ಯವು ಲಭಿಸಿದ್ದು ಹಾರೀತನೆಂಬ ಶೈವ ತಪಸ್ವಿಯ ಅನುಗ್ರಹದಿಂದ. ಅಲ್ಲಿ ಏಕಲಿಂಗನೇ ಅರಸು. ಮಹಾರಾಣನು ಅವನ ದಿವಾನನೆಂದೇ ಕರೆಸಿಕೊಂಡನು. ಪಟ್ಟಾಭಿಷೇಕದಲ್ಲಿ ರಾಣನ ಹಣೆಗೆ ತಿಲಕವಿಡುವ ಹಕ್ಕು ನೆಲದ ಹಳೆಯ ಒಕ್ಕಲಾದ ಭಿಲ್ಲರದಾಗಿತ್ತು. ಬಂದ ಅರಸನು ಇದ್ದ ಜನರ ಒಪ್ಪಿಗೆಯನ್ನು ಪಡೆಯಬೇಕೆಂಬ ಧರ್ಮ ಎರಡೂ ಕಡೆ ಒಂದೇ. ಈ ಎರಡು ನಾಡುಗಳ ನಡುವೆ ಮುಂದೆ ನೆಂಟಸ್ತಿಕೆಯೂ ಬೆಳೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1900ರಲ್ಲಿ ಕಾಠಿಯಾವಾಡದ ವಾನಾ ಸಂಸ್ಥಾನದ ಪ್ರತಾಪಕುಮಾರಿಯವರನ್ನು ವಿವಾಹವಾದರು. 2016ರಲ್ಲಿ ಯದುವೀರ ಒಡೆಯರಿಗೂ, ಮೇವಾಡದ ಗುಹಿಲ ವಂಶದ ಕವಲಾದ ಡೂಂಗರಪುರದ ರಾಜಮನೆತನದ ತ್ರಿಷಿಕಾ ಕುಮಾರಿಯವರಿಗೂ ವಿವಾಹವಾಯಿತು.

ಹಬ್ಬಗಳಲ್ಲಿ ಈ ಸಾಮ್ಯವು ಇನ್ನೂ ಸ್ಪಷ್ಟ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡು, ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಅಲ್ಲಿ ಮುಂದುವರಿಸಿದರು. ಮಹಾನವಮಿಯಂದು ಆಯುಧಪೂಜೆ, ವಿಜಯದಶಮಿಯಂದು ಬನ್ನಿಪೂಜೆ. ಮೈಸೂರಿನ ಜಂಬೂಸವಾರಿಯು ಅರಮನೆಯಿಂದ ಹೊರಟು ಸೇರುವ ತಾಣ ಬನ್ನಿಮಂಟಪವೇ. ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಶಮಿಯೇ ಈ ಬನ್ನಿ. ರಾಜಸ್ಥಾನದವರು ದಸರೆಯಲ್ಲಿ ಪೂಜಿಸುವ ಖೇಜಡಿಯೂ ಇದೇ. ಮಳೆ ಕಾಣದ ಮರುಭೂಮಿಯಲ್ಲಿ ದನಕರುಗಳಿಗೆ ಮೇವನ್ನೂ ಮನುಷ್ಯರಿಗೆ ಕಾಯನ್ನೂ ಕೊಡುವ ಈ ಮರವು ಅರಸನ ವಿಜಯಕ್ಕಿಂತ ಮೊದಲೇ ಒಕ್ಕಲಿಗನ ಬದುಕಿಗೆ ಆಧಾರವಾಗಿತ್ತು. ನಮ್ಮ ಹಳ್ಳಿಗಳಲ್ಲಿಯೂ ಆಯುಧಪೂಜೆಯೆಂದರೆ ಕತ್ತಿ ಗುರಾಣಿಗಳಿಗೆ ಸೀಮಿತವಾದುದಲ್ಲ. ನೇಗಿಲು, ಕುಡುಗೋಲು, ಗಾಡಿ, ಕುಲುಮೆಯ ಸುತ್ತಿಗೆ, ಈಚೆಗೆ ಟ್ರ್ಯಾಕ್ಟರು, ಎಲ್ಲಕ್ಕೂ ಅಂದು ಅರಿಸಿನ ಕುಂಕುಮ ಸಲ್ಲುತ್ತದೆ. ಅರಸನ ಹಬ್ಬವನ್ನು ದುಡಿಯುವ ಜನ ತಮ್ಮದನ್ನಾಗಿ ಮಾಡಿಕೊಂಡ ಬಗೆ ಇದು.

ಹಬ್ಬವು ಗೆಲವನ್ನು ಮಾತ್ರ ನೆನೆಯುವುದಿಲ್ಲ. ನಂಜನಗೂಡನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ, ಅದೇ ನರಸೀಪುರ ತಾಲ್ಲೂಕಿನಲ್ಲಿ ತಲಕಾಡೂ ಮಾಲಂಗಿಯೂ ಇವೆ. ಶ್ರೀರಂಗಪಟ್ಟಣವನ್ನು ಕಳೆದುಕೊಂಡ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮನು, ತನ್ನ ಒಡವೆಗಳಿಗಾಗಿ ಅರಸನ ಕಡೆಯವರು ಬೆನ್ನಟ್ಟಿದಾಗ, ತಲಕಾಡು ಮರಳಿನಲ್ಲಿ ಹುದುಗಲಿ, ಮೈಸೂರು ದೊರೆಗಳು ಸಂತಾನವಿಲ್ಲದೆ ಹೋಗಲಿ ಎಂದು ಶಪಿಸಿ ಮಾಲಂಗಿಯ ಮಡುವಿನಲ್ಲಿ ಧುಮುಕಿದಳೆಂದು ಐತಿಹ್ಯ. ನದಿಯ ತಿರುವು, ಗಾಳಿಯ ದಿಕ್ಕು, ಮೇಲಿನ ಮಾಧವಮಂತ್ರಿ ಅಣೆಕಟ್ಟು ಇವುಗಳಿಂದ ಮರಳು ಶೇಖರವಾಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಆದರೆ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಶಪಿಸಿದ ಆ ತಾಯಿಯ ವಿಗ್ರಹಕ್ಕೆ ಅರಮನೆಯಲ್ಲಿಯೇ ನವರಾತ್ರಿಯ ಪೂಜೆ ಸಲ್ಲುತ್ತ ಬಂದಿದೆ. ಗೆದ್ದ ಮನೆತನವು ತನ್ನ ವಿಜಯೋತ್ಸವದ ನಡುವೆ ತಾನು ನೋಯಿಸಿದವಳ ಮುಂದೆ ತಲೆಬಾಗುವ ಈ ಸಂಪ್ರದಾಯವು ನೂರು ಪ್ರಶಸ್ತಿಶಾಸನಗಳಿಗಿಂತ ಹಿರಿದಾದುದು. ತಲಕಾಡಿನಲ್ಲಿಯೂ ಕಾರ್ತಿಕದ ಪಂಚಲಿಂಗ ದರ್ಶನವು ಒದಗಿದಾಗ, 2013ರಲ್ಲಿ ಮತ್ತು 2020ರಲ್ಲಿ ನಡೆದಂತೆ, ಜನರು ಮರಳ ದಿಬ್ಬಗಳ ನಡುವೆ ನಡೆದು ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರರನ್ನೂ ಮುಡುಕುತೊರೆಯ ಮಲ್ಲಿಕಾರ್ಜುನನನ್ನೂ ದರ್ಶಿಸುತ್ತಾರೆ. ಶಾಪವು ಹುದುಗಿಸಿತೆನ್ನುವ ಊರಿಗೆ ಹಬ್ಬವು ಮತ್ತೆ ದಾರಿ ತೋರಿಸುತ್ತದೆ.

ಹೀಗೆ ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳು ಒಂದೇ ಕಥೆಯ ಎರಡು ತುದಿಗಳು. ಒಂದು ತುದಿಯಲ್ಲಿ ಅರಸನಿಗೆ ಆಶ್ರಯವಾದ ಹೆಣ್ಣು, ಇನ್ನೊಂದು ತುದಿಯಲ್ಲಿ ಅರಸನಿಂದ ನೊಂದ ಹೆಣ್ಣು. ದಸರೆಯೆಂದರೆ ಆನೆ, ಅಂಬಾರಿ, ದೀಪಾಲಂಕಾರ ಎಂದಷ್ಟೇ ತಿಳಿದು ಬೆಳೆಯುವ ಮಕ್ಕಳಿಗೆ ಈ ಎರಡು ತುದಿಗಳನ್ನೂ ತೋರಿಸುವ ಹೊಣೆ ಉಪಾಧ್ಯಾಯರದು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಹದಿನಾರಿನ ಕೆರೆಗೆ ಬಂದಿಳಿಯುತ್ತವೆ. ಆ ವೇಳೆಗೆ ವಿದ್ಯಾರ್ಥಿಗಳನ್ನು ಕೆರೆಯ ಏರಿಯ ಮೇಲೆ ಕೂರಿಸಿ, ಊರಿನ ಹಿರಿಯರ ಬಾಯಿಂದಲೇ ಆ ಕಥೆಯನ್ನು ಕೇಳಿಸಿ, ಅವರು ಹೇಳಿದಂತೆಯೇ ಬರೆದಿಡುವ ಅಭ್ಯಾಸವನ್ನು ಶಾಲೆಗಳು ಕೈಗೊಳ್ಳಬಹುದು. ವಂಶಾವಳಿಗಳನ್ನು ಬರೆಯಲು ಅರಸರಿಗೆ ಕವಿಗಳಿದ್ದರು. ಊರಿನ ನೆನಪನ್ನು ಬರೆದಿಡಲು ಊರಿನ ಶಾಲೆಯೇ ಆಗಬೇಕು.